ಇರುವೆಗಳಿಗೆ ದಾರಿ ಬರೆದ ಸಾಕವ್ವ

ಲೋಕ ಆಗಿನ್ನೂ ಹೊಸದು. ಎಷ್ಟು ಹೊಸದೆಂದರೆ, ಸಾಸಿವೆ ಇನ್ನೂ ಸಿಡಿಯುವುದನ್ನು ಕಲಿತಿರಲಿಲ್ಲ. ಹೊಳೆ ದಿನಾ ಬೆಳಗ್ಗೆ ಎದ್ದು, ಇವತ್ತು ಯಾವ ಕಡೆ ಹರಿಯಲಿ ಎಂದು ಗುಡ್ಡವನ್ನು ಕೇಳುತ್ತಿತ್ತು. ಹುಂಜಕ್ಕೆ ಬೆಳಗ್ಗೆ ಕೂಗಬೇಕೋ ಸಂಜೆ ಕೂಗಬೇಕೋ ಗೊತ್ತಾಗದೆ, ಎರಡು ಹೊತ್ತೂ ಕೂಗಿ ಎಲ್ಲರಿಂದ ಬೈಸಿಕೊಳ್ಳುತ್ತಿತ್ತು. ಗಾಳಿ ಬಂದು ಬಾಗಿಲಲ್ಲಿ ನಿಂತು ಮಾತಾಡಿಸಿದರೆ ಆಗ ಯಾರೂ ಬೆಚ್ಚುತ್ತಿರಲಿಲ್ಲ. "ಬಾ, ಕೂತ್ಕೊ" ಎನ್ನುತ್ತಿದ್ದರು.

ಆ ಕಾಲದಲ್ಲಿ ಇರುವೆಗಳು ಸಾಲಾಗಿ ನಡೆಯುತ್ತಿರಲಿಲ್ಲ.

ಇರುವೆಯನ್ನು ಮಾಡುವ ದಿನ ದೇವರಿಗೆ ಏನೋ ಅವಸರವಿತ್ತು. ಆರು ಕಾಲು ಕೊಟ್ಟ. ಸಣ್ಣ ನಡು ಕೊಟ್ಟ. ತನಗಿಂತ ದೊಡ್ಡ ಕಾಳನ್ನು ಹೊರುವ ಬಲ ಕೊಟ್ಟ, ಅದಕ್ಕೆ ತಕ್ಕ ಹಸಿವನ್ನೂ ಕೊಟ್ಟ. ಕಣ್ಣು ಕೊಡುವಾಗ ಮಾತ್ರ ಕೈ ಬಿಗಿ ಹಿಡಿದ. ಮೂಗಿನ ತುದಿಯಿಂದಾಚೆ ಏನೂ ಕಾಣದಷ್ಟು ಕಣ್ಣು. ಹೀಗಾಗಿ ಒಂದು ಇರುವೆ ಮೂಡಲಿಗೆ ಹೋದರೆ ಇನ್ನೊಂದು ಪಡುವಲಿಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ. ಬೆಳಗ್ಗೆ ಹತ್ತು ಇರುವೆ ಮನೆ ಬಿಟ್ಟು ಹೊರಟರೆ ಸಂಜೆಗೆ ವಾಪಸ್ಸು ಬರುತ್ತಿದ್ದದ್ದು ಒಂದೋ ಎರಡೋ. ಉಳಿದವು ಎಲ್ಲೋ ಕಲ್ಲಿನ ಸಂದಿಯಲ್ಲಿ, ಎಲೆಯ ಕೆಳಗೆ, ಮನೆ ಎಲ್ಲಿ ಮನೆ ಎಲ್ಲಿ ಎಂದು ಅಲೆಯುತ್ತಿದ್ದವು. ಹೊಂಗೆ ಮರದ ಬುಡದಲ್ಲಿದ್ದ ಇರುವೆ ತಾಯಿ ಗೂಡಿನ ಬಾಗಿಲಲ್ಲಿ ಕೂತು ಕೂಗುತ್ತಿದ್ದಳು. ಇರುವೆಯ ಕೂಗು ಯಾರ ಕಿವಿಗೆ ಬೀಳುತ್ತದೆ?

ಆ ಹೊಂಗೆ ಮರ ಇದ್ದದ್ದು ಸಾಕವ್ವನ ಮನೆಯ ಮುಂದೆ, ಅಂಗಳದ ಆ ಕೊನೆಯಲ್ಲಿ.

ಸಾಕವ್ವ ಆ ಮನೆಗೆ ಸೊಸೆಯಾಗಿ ಬಂದು ಒಂದು ವರ್ಷವಾಗಿತ್ತು. ತವರಿನಲ್ಲಿ ಅವಳು ಐದನೆಯ ಹೆಣ್ಣು. ಇನ್ನು ಹೆಣ್ಣು ಸಾಕಪ್ಪ ದೇವರೇ ಎಂದು ಅವಳ ಅಪ್ಪ ಆ ಹೆಸರಿಟ್ಟಿದ್ದ. ಅವಳು ಅದಕ್ಕೇನೂ ಬೇಜಾರು ಮಾಡಿಕೊಂಡವಳಲ್ಲ. ಸಣ್ಣ ಸಣ್ಣದಕ್ಕೆಲ್ಲ ಖುಷಿಪಡುವ ಜೀವ ಅದು. ಬೆಳಕು ಹರಿಯುವ ಮೊದಲೇ ಎದ್ದು, ಅಂಗಳ ಗುಡಿಸಿ, ಸಗಣಿ ನೀರು ಹಾಕುವುದೆಂದರೆ ಅವಳಿಗೆ ಬಲು ಇಷ್ಟ. ಒದ್ದೆ ನೆಲದಿಂದ ತಣ್ಣನೆಯ ವಾಸನೆ ಏಳುತ್ತದೆ. ಹೊಂಗೆ ಮರದಲ್ಲಿ ಹಕ್ಕಿಗಳು ಒಂದೊಂದಾಗಿ ಗಂಟಲು ಸರಿ ಮಾಡಿಕೊಳ್ಳುತ್ತವೆ. ಅತ್ತೆ ಚೌಡಮ್ಮ ಇನ್ನೂ ಎದ್ದಿರುವುದಿಲ್ಲ. ಆ ಹೊತ್ತು ಪೂರ್ತಿ ಅವಳದೇ. ಆಮೇಲೆ ಚುಕ್ಕಿ ಇಟ್ಟು, ಚುಕ್ಕಿಯ ಸುತ್ತ ಎಳೆ ಎಳೆದು, ರಂಗೋಲಿ ಮುಗಿಸಿ ಸೊಂಟ ನೆಟ್ಟಗೆ ಮಾಡುವಾಗ ಅವಳ ಮುಖದಲ್ಲಿ ಒಂದು ನಗು ಇದ್ದೇ ಇರುತ್ತಿತ್ತು.

ರಂಗೋಲಿಗೆ ಆ ಮನೆಯಲ್ಲಿ ಒಂದು ಕಟ್ಟುಪಾಡು. ಎಳೆ ಎಲ್ಲಿ ಶುರುವಾಯಿತೋ ತಿರುಗಿ ಅಲ್ಲಿಗೇ ಬಂದು ಕೂಡಬೇಕು. ಎಲ್ಲೂ ಬಿಡುವಿರಬಾರದು. ಬಿಟ್ಟರೆ ಚೌಡಮ್ಮ ಅಳಿಸಿ ಮತ್ತೆ ಹಾಕಿಸುತ್ತಿದ್ದಳು.

ಒಂದು ದಿನ ಬೆಳಗಿನ ಜಾವ ಸಾಕವ್ವ ಅಡುಗೆ ಕೋಣೆಯ ಗೂಡಿಗೆ ಕೈ ಹಾಕಿದಳು. ಗೂಡಿನಲ್ಲಿ ಎರಡು ಕುಡಿಕೆ. ಒಂದರಲ್ಲಿ ರಂಗೋಲಿಯ ಬಿಳಿ ಕಲ್ಲಿನ ಪುಡಿ, ಇನ್ನೊಂದರಲ್ಲಿ ರೊಟ್ಟಿಗೆ ಬೀಸಿಟ್ಟ ಅಕ್ಕಿ ಹಿಟ್ಟು. ಕತ್ತಲಲ್ಲಿ ಅವಳ ಕೈಗೆ ಸಿಕ್ಕಿದ್ದು ಹಿಟ್ಟಿನ ಕುಡಿಕೆ. ಅವಳಿಗೆ ಅದು ತಿಳಿಯಲಿಲ್ಲ. ಅಂಗಳದಲ್ಲಿ ಕೂತು ಎಳೆ ಎಳೆದರೆ, ಎಂದೂ ಇಲ್ಲದ ಹಾಗೆ ಬೆರಳಿನಿಂದ ನುಣ್ಣಗೆ ಇಳಿಯುತ್ತಿದೆ. ಒರಟಿಲ್ಲ, ತಡೆಯಿಲ್ಲ.

"ಅಂತೂ ನನ್ನ ಕೈ ಪಳಗ್ತು" ಎಂದುಕೊಂಡಳು. ಜಂಬ ಯಾರಿಗಿರುವುದಿಲ್ಲ? ಆ ಜಂಬದಲ್ಲೇ ದಿನಕ್ಕಿಂತ ಎರಡರಷ್ಟು ದೊಡ್ಡ ರಂಗೋಲಿ ಹಾಕಿದಳು. ಎಳೆ ಬಳಸಿ, ಬಾಗಿ, ಸುತ್ತಿ, ಒಂದು ಕಡೆಯೂ ತುಂಡಾಗದೆ ಮೊದಲಾದ ಜಾಗಕ್ಕೇ ಬಂದು ಕೂಡಿತು.

ಬಿಸಿಲು ಬಂತು. ದಾರಿ ತಪ್ಪಿ ಅಲೆಯುತ್ತಿದ್ದ ಒಂದು ಇರುವೆಯ ಮೂಗಿಗೆ ಹಿಟ್ಟಿನ ವಾಸನೆ ಬಡಿಯಿತು. ಬಂದು ಎಳೆಯನ್ನು ಹತ್ತಿತು. ಇನ್ನೊಂದು ಬಂತು. ಮತ್ತೊಂದು ಬಂತು. ಕಲ್ಲಿನ ಸಂದಿಯಿಂದ, ಎಲೆಯ ಕೆಳಗಿನಿಂದ, ಬೇಲಿಯ ಬುಡದಿಂದ, ಎಷ್ಟೋ ದಿನದಿಂದ ಮನೆ ಕಾಣದವೆಲ್ಲ ಬಂದವು. ಲೋಕ ಹುಟ್ಟಿದ ಮೇಲೆ ಮೊದಲ ಸಲ ಇರುವೆಗಳು ಒಂದರ ಹಿಂದೆ ಒಂದು ನಡೆದವು.

ಒಂದು ಹೇಳಿತು, "ಮುಂದೆ ನಮ್ಮವರು ಇದ್ದಾರೆ."

ಇನ್ನೊಂದು ಹೇಳಿತು, "ಹಿಂದೆಯೂ ನಮ್ಮವರು ಇದ್ದಾರೆ."

ಎಲ್ಲವೂ ಒಂದೊಂದು ಚೂರು ಹಿಟ್ಟು ಕಚ್ಚಿಕೊಂಡು, ಈ ದಾರಿ ಖಂಡಿತ ಮನೆಗೆ ಹೋಗುತ್ತದೆ ಎಂದು ನಡೆದೇ ನಡೆದವು. ಎಳೆ ಬಳಸಿದಲ್ಲಿ ಬಳಸಿದವು, ಸುತ್ತಿದಲ್ಲಿ ಸುತ್ತಿದವು. ಆದರೆ ಆ ದಾರಿಗೆ ಕೊನೆಯೇ ಇರಲಿಲ್ಲ. ಹೊರಟಲ್ಲಿಗೇ ಬಂದು, ಮತ್ತೆ ಹೊರಟು, ಮತ್ತೆ ಬಂದವು. ಬಾಯಲ್ಲಿ ತುತ್ತಿದೆ, ಮನೆ ಮಾತ್ರ ಸಿಗದು.

ಒಳಗಡೆ ಚೌಡಮ್ಮ ರಾತ್ರಿಯ ರೊಟ್ಟಿಗೆಂದು ಸ್ವಲ್ಪ ಹಿಟ್ಟು ಮೊರಕ್ಕೆ ತೆಗೆದಿಡಲು ಕುಡಿಕೆ ಎತ್ತಿದಳು. "ಸಾಕವ್ವ, ಹಿಟ್ಟಿನ ಕುಡಿಕೆ ಯಾಕೆ ಇಷ್ಟು ಹಗುರಾಯ್ತು?"

ಸಾಕವ್ವ ಬಂದು ಕುಡಿಕೆಯೊಳಗೆ ನೋಡಿದಳು. ತನ್ನ ಬೆರಳು ಮೂಸಿ ನೋಡಿದಳು. ಕೈ ಪಳಗಿದ ಗುಟ್ಟು ಬಯಲಾಯಿತು.

"ತಿನ್ನೋ ಹಿಟ್ನ ನೆಲಕ್ಕೆ ಸುರಿದು ಬಂದಿದ್ದೀಯಲ್ಲೇ" ಎಂದಳು ಚೌಡಮ್ಮ, ರಾತ್ರಿಗೆ ಬೇಕಾದಷ್ಟನ್ನು ಮೊರಕ್ಕೆ ಸುರಿದುಕೊಳ್ಳುತ್ತ. "ನಾಳೆ ಕಲ್ಲುಪುಡಿಲಿ ರೊಟ್ಟಿ ತಟ್ಟು. ತಿಂತೀನಿ. ನನ್ನ ಹಲ್ಲೂ ಹೋಗಿ ಒಂದು ನೆಮ್ಮದಿ ಆಗ್ಲಿ."

ಸಾಕವ್ವ ತಲೆ ತಗ್ಗಿಸಿ, ಉಳಿದ ಹಿಟ್ಟಿನ ಕುಡಿಕೆಯನ್ನು ಕಂಕುಳಲ್ಲಿಟ್ಟುಕೊಂಡೇ ಅಂಗಳಕ್ಕೆ ಬಂದಳು. ನೋಡಿದರೆ ರಂಗೋಲಿ ಬಿಳಿಯಾಗಿಲ್ಲ, ಕಪ್ಪಾಗಿದೆ. ಬಗ್ಗಿ ನೋಡಿದಳು. ರಂಗೋಲಿ ನಡೆಯುತ್ತಿದೆ. ಅವಳು ಕುಕ್ಕರುಗಾಲಲ್ಲಿ ಕೂತು, ಬಾಯಿ ತೆರೆದು, ಎಷ್ಟೋ ಹೊತ್ತು ನೋಡಿದಳು. ಇಂಥ ಚೆಂದವನ್ನು ಅವಳು ಕಂಡೇ ಇರಲಿಲ್ಲ.

ಅಷ್ಟರಲ್ಲಿ ಪಡುವಣ ಗಾಳಿ ಓಡೋಡಿ ಬಂತು. ಅದಕ್ಕೆ ಏದುಸಿರು.

"ಸಾಕವ್ವ, ಹೊಂಗೆ ಮರದ ಬುಡದಿಂದ ಒಂದು ಮಾತು ತಂದಿದ್ದೀನಿ. ಇರುವೆ ತಾಯಿ ಬೆಳಗ್ಗೆಯಿಂದ ಕೂಗ್ತಾ ಇದ್ದಾಳೆ. ಇವೆಲ್ಲ ಅವಳ ಮಕ್ಕಳು. ನನ್ನ ಹಿಂದೇನೇ ಮಳೆ ಬರ್ತಾ ಇದೆ. ಮಳೆಗೆ ಮೊದಲು ಗೂಡಿನ ಬಾಗಿಲು ಹಾಕ್ಕೋ ಅಂದೆ. ಮಕ್ಕಳು ಬಾರದೆ ಹಾಕಲ್ಲ ಅಂತಾಳೆ. ಮಳೆ ಬಂದರೆ ಇಲ್ಲಿ ಇವೂ ಕೊಚ್ಚಿ ಹೋಗ್ತವೆ, ಅಲ್ಲಿ ಅವಳೂ ಮುಳುಗ್ತಾಳೆ."

ಸಾಕವ್ವ ತಲೆಯೆತ್ತಿದಳು. ಗುಡ್ಡದ ಮೇಲೆ ದೊಡ್ಡ ಕರೀ ಮೋಡ ನಿಂತಿತ್ತು.

"ಮೋಡಪ್ಪ, ಸ್ವಲ್ಪ ತಡಿಯೋ" ಎಂದಳು.

"ತುಂಬಿದ ಕೊಡ ತಲೆ ಮೇಲೆ ಹೊತ್ತವನಿಗೆ ತಡಿ ಅಂದರೆ ಹೆಂಗೆ ತಾಯಿ?" ಎಂದಿತು ಮೋಡ. "ಕತ್ತು ನೋಯ್ತಾ ಇದೆ. ಆಗಲಿ, ಎರಡು ರೊಟ್ಟಿ ಬೇಯುವಷ್ಟು ಹೊತ್ತು ತಡೀತೀನಿ. ಅದಕ್ಕಿಂತ ಆಗಲ್ಲ."

ಎರಡು ರೊಟ್ಟಿ ಬೇಯಲು ಎಷ್ಟು ಹೊತ್ತು ಬೇಕು? ಸಾಕವ್ವ ರಂಗೋಲಿಯ ಕಡೆ ತಿರುಗಿದಳು. ತಾನು ಎಳೆದ ಎಳೆ. ಒಂದಿಷ್ಟೂ ಬಿಡುವಿಲ್ಲದೆ ತಾನೇ ಕೂಡಿಸಿದ ಎಳೆ. ತನ್ನ ಜಂಬಕ್ಕೆ ಇಷ್ಟು ಜೀವಗಳು ಸುತ್ತುತ್ತಿವೆ ಎಂದು ಅವಳಿಗೆ ಅಳು ಬಂತು. ಬೆರಳು ಚಾಚಿ, ರಂಗೋಲಿಯ ಅಂಚನ್ನು ಅಳಿಸಲು ಹೋದಳು.

"ಎಳೆ ಬಿಚ್ಚಬ್ಯಾಡ."

ಹೊಸ್ತಿಲಲ್ಲಿ ಚೌಡಮ್ಮ ನಿಂತಿದ್ದಳು. "ನಮ್ಮತ್ತೆ ನಂಗೆ ಹೇಳಿದ್ದು, ಅವರತ್ತೆ ಅವರಿಗೆ ಹೇಳಿದ್ದು. ಬಿಚ್ಚಿದ ಎಳೇಲಿ ಮನೆ ಲಕ್ಷ್ಮಿ ಹೊರಗೆ ಹೊಂಟೋಯ್ತಾಳೆ." ಲೋಕವೇ ಹೊಸದಾಗಿರುವಾಗ ಅಷ್ಟೊಂದು ಅತ್ತೆಯರು ಎಲ್ಲಿಂದ ಬಂದರು ಎಂದು ಕೇಳಬೇಡಿ. ಅತ್ತೆಯರು ಲೋಕಕ್ಕಿಂತ ಮೊದಲೇ ಇದ್ದರು.

ಸಾಕವ್ವ ಆವರೆಗೆ ಅತ್ತೆಗೆ ಒಂದು ದಿನವೂ ಎದುರಾಡಿದವಳಲ್ಲ. ಅವಳ ಬೆರಳು ಮಾತ್ರ ಹಿಂದೆ ಬರಲಿಲ್ಲ.

"ಲಕ್ಷ್ಮಿಗೆ ಕಣ್ಣವೆ ಅತ್ತೆ. ಹೋದ್ರೂ ದಾರಿ ನೋಡ್ಕಂಡು ವಾಪಸ್ ಬತ್ತಾಳೆ. ಇವಕ್ಕೆ ಕಣ್ಣಿಲ್ಲ."

ಚೌಡಮ್ಮ ಸಿಡುಕಿನಿಂದ ಒಳಗೆ ಹೋದಳು.

ಸಾಕವ್ವ ಎಳೆ ಬಿಚ್ಚಿದಳು. ಬಿಚ್ಚಿದಲ್ಲಿಂದ ಹೊಸ ಎಳೆ ಹಿಡಿದು, ಹಿಂದೆ ಹಿಂದೆ ಸರಿಯುತ್ತ, ಹೊಂಗೆ ಮರದ ಕಡೆಗೆ ಎಳೆಯುತ್ತ ಹೋದಳು. ಅಷ್ಟು ಉದ್ದದ ಎಳೆಯನ್ನು ಯಾರೂ ಎಳೆದಿರಲಿಲ್ಲ. ಮುಂದಿನ ಇರುವೆ ಸುತ್ತಿ ಬಂದು, ಬಿಚ್ಚಿದ ಜಾಗದಲ್ಲಿ ಒಂದು ಗಳಿಗೆ ನಿಂತು, ಹೊಸ ಎಳೆಗೆ ಕಾಲಿಟ್ಟಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಸಾಕವ್ವ ಮುಂದೆ ಎಳೆಯುವುದು, ಇರುವೆಗಳು ಅವಳ ಬೆರಳ ಹಿಂದೆಯೇ ನಡೆಯುವುದು. ಅರ್ಧ ಅಂಗಳ ದಾಟಿತು. ತುಳಸಿ ಕಟ್ಟೆ ದಾಟಿತು. ಮರ ಹತ್ತಿರವಾಯಿತು.

ಮರಕ್ಕೆ ಇನ್ನೊಂದೇ ಮೊಳ ಇರುವಾಗ ಕುಡಿಕೆ ಬರಿದಾಯಿತು.

ಸಾಕವ್ವ ಕುಡಿಕೆಯನ್ನು ತಟ್ಟಿದಳು, ಕೊಡವಿದಳು, ಉಗುರಿನಿಂದ ಒಳಗೆಲ್ಲ ಕೆರೆದಳು. ಚಿಟಿಕೆ ಹಿಟ್ಟೂ ಇಲ್ಲ. ಎಳೆಯ ತುದಿಗೆ ಬಂದ ಇರುವೆ ನಿಂತುಬಿಟ್ಟಿತು. ಅದು ನಿಂತಿತೆಂದು ಹಿಂದಿನದೂ ನಿಂತಿತು. ಅಂಗಳದುದ್ದಕ್ಕೂ ಸಾವಿರಾರು ಇರುವೆ ನಿಂತವು. ಒಂದು ಮೊಳದಾಚೆ ತಾಯಿ ಕೂಗುತ್ತಿದ್ದಾಳೆ, ಅವಕ್ಕೆ ಕೇಳುತ್ತಿಲ್ಲ. ಮೋಡದಿಂದ ಮೊದಲ ಹನಿ ಸಾಕವ್ವನ ಬೆನ್ನಿನ ಮೇಲೆ ಬಿತ್ತು.

"ಸರ್ಕೋ ಅತ್ಲಾಗೆ."

ಮೊರ ಹಿಡಿದು ಚೌಡಮ್ಮ ಬಂದಿದ್ದಳು. ಮೊರದಲ್ಲಿ ರಾತ್ರಿಯ ರೊಟ್ಟಿಗೆ ತೆಗೆದಿಟ್ಟ ಹಿಟ್ಟು. ಆ ಮನೆಯಲ್ಲಿ ಉಳಿದಿದ್ದ ಅಕ್ಕಿ ಹಿಟ್ಟು ಅಷ್ಟೇ. ನೋಯುವ ಮಂಡಿಯನ್ನು ಕಷ್ಟಪಟ್ಟು ಮಡಚಿ ಕೂತು, ಆ ಮುದುಕಿ ಉಳಿದ ಒಂದು ಮೊಳವನ್ನು ತಾನೇ ಎಳೆದಳು. "ಸೊಟ್ಟಸೊಟ್ಟಗೆ ಎಳೆದಿದ್ದೀಯ" ಎಂದೂ ಹೇಳಿದಳು.

ಎಳೆ ಗೂಡಿನ ಬಾಗಿಲು ಮುಟ್ಟಿತು.

ಮುಂದಿನ ಇರುವೆ ಹೋಗಿ ತಾಯಿಗೆ ತಲೆ ತಾಗಿಸಿತು. ಎಷ್ಟು ದಿನವಾಗಿತ್ತೋ ತಾಯಿಯನ್ನು ಕಂಡು. ಒಳಗೆ ಹೋಗಿ ಬೆಚ್ಚಗೆ ಕೂರಬಹುದಿತ್ತು. ಹೋಗಲಿಲ್ಲ. ತುತ್ತನ್ನು ಬಾಗಿಲಲ್ಲಿಟ್ಟು, ಹಿಂತಿರುಗಿ, ಹನಿ ಬೀಳುವ ಅಂಗಳಕ್ಕೆ ಮತ್ತೆ ಇಳಿಯಿತು. ಹಿಂದಿನವು ಇನ್ನೂ ಹೆದರಿದ್ದವು. ಇದೂ ಸುತ್ತುವ ದಾರಿಯೇ ಇರಬಹುದು ಎಂದು ಅವುಗಳ ಕಾಲು ಏಳುತ್ತಿರಲಿಲ್ಲ. ಮುಂದಿನ ಇರುವೆ ಎದುರು ಸಿಕ್ಕ ಒಂದೊಂದಕ್ಕೂ ತಲೆಗೆ ತಲೆ ತಾಗಿಸಿ ಹೇಳಿತು, "ಮನೆ ಇದೆ. ಬಾ."

ಕೇಳಿದ್ದು ಹಿಂದಿನದಕ್ಕೆ ಹೇಳಿತು. ಅದು ಅದರ ಹಿಂದಿನದಕ್ಕೆ ಹೇಳಿತು. ಮನೆ ಇದೆ, ಬಾ. ಮನೆ ಇದೆ, ಬಾ. ಆ ಮಾತು ಕೊನೆಯ ಇರುವೆಯನ್ನು ಮುಟ್ಟಿದಾಗ ಸಾಲು ಸರಸರನೆ ಓಡಿತು. ಕಟ್ಟಕಡೆಯದು ಒಳಗೆ ಹೋದ ಮೇಲೆ ಇರುವೆ ತಾಯಿ ಒಂದು ಮಣ್ಣಿನ ಉಂಡೆಯಿಂದ ಬಾಗಿಲು ಮುಚ್ಚಿದಳು. ಮೋಡ ಉಸ್ಸೆಂದು ತನ್ನ ಕೊಡ ಇಳಿಸಿತು.

ಅತ್ತೆ ಸೊಸೆ ಇಬ್ಬರೂ ಓಡಿ ಬಂದು ಸೂರಿನ ಕೆಳಗೆ ನಿಂತರು. ಹಿಟ್ಟಿನ ಎಳೆಯೆಲ್ಲ ನೀರಲ್ಲಿ ಕರಗಿ ಹೋಯಿತು.

"ಇವತ್ತು ರಾಗಿಮುದ್ದೆನೇ" ಎಂದಳು ಚೌಡಮ್ಮ. ಆಮೇಲೆ, "ಲಕ್ಷ್ಮಿ ಹೋದ್ರೂ ಎಲ್ಲಿಗೆ ಹೋದಾಳು? ಆ ಮರದ ತಾವ್ಕೆ ತಾನೆ" ಎಂದು ಸೊಸೆಯ ಒದ್ದೆ ತಲೆಯನ್ನು ತನ್ನ ಸೆರಗಿನಿಂದ ಒರೆಸಿದಳು. ಸಾಕವ್ವನಿಗೆ ತವರಿನ ನೆನಪಾಗಿ ಕಣ್ಣು ತುಂಬಿತು. ಆ ರಾತ್ರಿ ಉಂಡ ಮುದ್ದೆಯಷ್ಟು ರುಚಿಯಾದದ್ದನ್ನು ತಾನು ಎಂದೂ ಉಂಡಿಲ್ಲ ಎಂದು ಅವಳು ಆಮೇಲೆ ಮೊಮ್ಮಕ್ಕಳಿಗೆಲ್ಲ ಹೇಳುತ್ತಿದ್ದಳು.

ಮಳೆ ನಿಂತ ಮೇಲೆ ಗಾಳಿ ಮತ್ತೊಂದು ಮಾತು ತಂದಿತು. "ಇರುವೆ ತಾಯಿ ಹೇಳಿ ಕಳಿಸಿದ್ದಾಳೆ. ನಿಮ್ಮ ಋಣ ತೀರಿಸುವಷ್ಟು ದೊಡ್ಡ ಮನೆ ತಮ್ಮದಲ್ಲವಂತೆ. ಆದರೆ ಇನ್ನು ಮೇಲೆ ಮಳೆ ಬರೋದಿದ್ದರೆ, ಅವಳ ಮಕ್ಕಳು ಮೊಟ್ಟೆ ಹೊತ್ತುಕೊಂಡು ನಿಮ್ಮ ಅಂಗಳದಲ್ಲೇ ಹಾದು ಹೋಗ್ತಾರಂತೆ. ನೋಡಿಕೊಂಡು ಸಂಡಿಗೆ ಎತ್ತಿಟ್ಟುಕೊಳ್ಳಬೇಕಂತೆ."

ಮಕ್ಕಳಿಗೂ ಇರುವೆ ತಾಯಿ ಒಂದು ಮಾತು ಹೇಳಿದಳು. "ದಿನಾ ಯಾರು ದಾರಿ ಬರೆದುಕೊಡುತ್ತಾರೆ? ನಡೆಯುವಾಗ ನಿಮ್ಮದೇ ಒಂದಿಷ್ಟು ವಾಸನೆಯನ್ನು ನೆಲಕ್ಕೆ ಸವರಿ ಹೋಗಿ. ಹಿಂದೆ ಬರುವವರಿಗೆ ಅದೇ ಎಳೆ." ಅವು ಹಾಗೇ ಮಾಡಿದವು. ಚೌಡಮ್ಮನೂ ಅಂದಿನಿಂದ ರಂಗೋಲಿ ಪುಡಿಗೆ ಒಂದು ಹಿಡಿ ಅಕ್ಕಿ ಹಿಟ್ಟು ಬೆರೆಸತೊಡಗಿದಳು. ಯಾಕೆ ಎಂದು ಕೇಳಿದವರಿಗೆ, ಎಳೆ ನುಣ್ಣಗೆ ಬರುತ್ತೆ, ಅದಕ್ಕೆ ಎನ್ನುತ್ತಿದ್ದಳು.

ಈಗ ನೀನು ಹೊಸ್ತಿಲ ಹತ್ತಿರ ಕೂತು ಇರುವೆ ಸಾಲನ್ನು ನೋಡು ಮಗು. ಕಡ್ಡಿ ಹಾಕಬೇಡ, ಸುಮ್ಮನೆ ನೋಡು. ಹೋಗುವ ಇರುವೆ ಬರುವ ಇರುವೆಯನ್ನು ಕಂಡರೆ, ಎಷ್ಟೇ ಅವಸರವಿರಲಿ, ತಲೆಯ ಮೇಲೆ ಎಷ್ಟೇ ಭಾರವಿರಲಿ, ಒಂದು ಗಳಿಗೆ ನಿಂತು ತಲೆಗೆ ತಲೆ ತಾಗಿಸಿಯೇ ಮುಂದೆ ಹೋಗುತ್ತದೆ. ಅಂದಿನಿಂದ ಇಂದಿನವರೆಗೆ ಅವು ಒಂದಕ್ಕೊಂದು ಹೇಳಿಕೊಳ್ಳುತ್ತಿರುವುದು ಅದೇ ಮಾತು: "ಮನೆ ಇದೆ. ಬಾ."