ಮರದಲ್ಲಿಲ್ಲದ ಜಾಗ

ಹೊಳೆದಂಡೆಯ ಆಶ್ರಮದಲ್ಲಿ ಸಿದ್ದಲಿಂಗಮ್ಮ ಕರ್ನಲ್ ಬರೆಯುವುದನ್ನು ಕಲಿಸುತ್ತಿದ್ದರು. ಕರ್ನಲ್ ಅಂದರೆ ಕಂಪ್ಯೂಟರಿನ ಮನೆಯೊಡತಿ. ಯಾವ ಪ್ರೋಗ್ರಾಂಗೆ ಎಷ್ಟು ಮೆಮೊರಿ ಎಂದು ಹಂಚುವುದು ಅದೇ.

ಶಿಷ್ಯ ತಿಪ್ಪೇಶ ಆ ಹಂಚಿಕೆಗೆಂದು ಕರ್ನಲ್‌ನೊಳಗೆ ಒಂದು ಮರ, ಅಂದರೆ ಕವಲೊಡೆಯುತ್ತ ಹೋಗುವ ಪಟ್ಟಿ, ಕಟ್ಟಿದ್ದ. ಯಾವ ಜಾಗ ಎಲ್ಲಿಂದ ಎಲ್ಲಿಯವರೆಗೆ, ಯಾರದು, ಎಲ್ಲವೂ ಅದರ ಕೊಂಬೆಗಳಲ್ಲಿತ್ತು. ಮರದಲ್ಲಿಲ್ಲದ ಜಾಗ ಮುಟ್ಟಿದ ಪ್ರೋಗ್ರಾಂ ಅಲ್ಲೇ ಸಾಯುತ್ತಿತ್ತು. ಅವನಿಗೆ ಅದರ ಬಗ್ಗೆ ಒಂಚೂರು ಜಂಭವೂ ಇತ್ತು ಅನ್ನಿ.

ಮಳೆ ಜೋರಾದ ದಿನ ಸತ್ತದ್ದು ಅವನ ಸಹಪಾಠಿ ಜುಲೇಖಾ ಬರೆದ ಪ್ರೋಗ್ರಾಂ. ಹೊಳೆಗೆ ಸೇರುವ ಹಳ್ಳ, ಆ ಹಳ್ಳಕ್ಕೆ ಸೇರುವ ತೊರೆ, ಹೀಗೆ ಲೆಕ್ಕದ ಆಳಕ್ಕಿಳಿದು, ಕೆಳಗಿನ ಊರಿಗೆ ನೆರೆಯ ಎಚ್ಚರಿಕೆ ಕೊಡುವುದು ಅದರ ಕೆಲಸ. ಎಚ್ಚರಿಕೆ ಹೋಗಲೇ ಇಲ್ಲ. ಜುಲೇಖಾ ತಾನೇ ಓಡಿಹೋಗಿ ಕೂಗಿದ್ದರಿಂದ ಜನ ಉಳಿದರು.

"ಯಾಕಪ್ಪ ಕೊಂದೆ ಅದನ್ನ?" ಸಿದ್ದಲಿಂಗಮ್ಮ ಕೇಳಿದರು.

"ಲೆಕ್ಕ ಆಳಕ್ಕೆ ಹೋದಷ್ಟೂ ಅದರ ಸ್ಟ್ಯಾಕ್, ಅರ್ಧ ಆದ ಲೆಕ್ಕ ಇಟ್ಟುಕೊಳ್ಳೋ ಅದರದೇ ಜಾಗ, ಕೆಳಗೆ ಬೆಳೀತು ಅಮ್ಮ. ಗಡಿಯಿಂದ ಒಂದು ಪೇಜಿನಷ್ಟು ಮೆಮೊರಿ ಆಚೆ ಕಾಲಿಟ್ಟಿತು. ಮರದಲ್ಲಿ ಆ ಜಾಗ ಇರಲಿಲ್ಲ."

"ಪಕ್ಕದ ಜಾಗ ಯಾರದು ಅಂತ ನೋಡಿದೆಯಾ?"

"ಪಕ್ಕದ್ದು ಯಾಕೆ ನೋಡ್ಬೇಕು? ಇಲ್ಲ ಅಂದ್ರೆ ಇಲ್ಲ."

ಅಮ್ಮ ಎದ್ದು ಅಡುಗೆಮನೆಯತ್ತ ಹೋದರು.

ಸಂಜೆ ಊಟಕ್ಕೆ ಕೆಳಗಿನ ಊರಿನವರೂ ಬಂದು ಸಾಲಾಗಿ ಕೂತರು. ಒದ್ದೆ ಬಟ್ಟೆಯಲ್ಲಿ ನಡುಗುತ್ತಿದ್ದ ಮಕ್ಕಳನ್ನು ನೋಡಿ ತಿಪ್ಪೇಶನ ಜಂಭವೆಲ್ಲ ಇಳಿದುಹೋಯಿತು. ಬೆಳಿಗ್ಗೆ ಎದ್ದು ಆಶ್ರಮ ಬಿಟ್ಟುಬಿಡುವುದೆಂದು ನಿರ್ಧರಿಸಿದ. ಕೊನೆಯ ಎಲೆಯಿಂದ ಒಂದು ಮೊಳ ಆಚೆ, ಬರಿ ನೆಲದ ಮೇಲೆ ಕುಕ್ಕರಿಸಿದ.

ಸಿದ್ದಲಿಂಗಮ್ಮ ಬಡಿಸುತ್ತ ಬಂದರು. ಕೊನೆಯ ಎಲೆಯ ಮುಂದೆ ಜುಲೇಖಾ ಇದ್ದಳು. ಅವಳಿಗೆ ಬಡಿಸಿ ಇನ್ನೊಂದು ಹೆಜ್ಜೆ ಇಟ್ಟರು.

"ಇಲ್ಲಿ ಎಲೆ ಇಲ್ಲ ಅಮ್ಮ," ಅಂದ ತಿಪ್ಪೇಶ. "ನಾನು ಸಾಲಿನಲ್ಲಿಲ್ಲ."

ಅಮ್ಮ ಜುಲೇಖಾಳ ಕಡೆ ತಿರುಗಿದರು. "ಇವನು ನಿಮ್ಮವನೇನಮ್ಮ?"

ಜುಲೇಖಾಳ ಕಣ್ಣು ಇನ್ನೂ ಕೆಂಪಗಿತ್ತು. ತಿಪ್ಪೇಶನತ್ತ ತಿರುಗಿ ನೋಡಿದಳು.

"ಹೂಂ ಅಮ್ಮ. ನಮ್ಮವನೇ," ಅಂದಳು.

ಅಮ್ಮ ಬಗ್ಗಿ ಹೊಸ ಎಲೆ ಹಾಸಿದರು. ನೀರು ಚಿಮುಕಿಸಿ ಒರೆಸಿ, ಬಿಸಿ ಅನ್ನ ಬಡಿಸಿದರು.

"ಪಕ್ಕದವರು ಹೂಂ ಅಂದಮೇಲೆ ಸಾಲು ಬೆಳೀಬೇಕು ಮಗಾ, ನಿನ್ನ ಮರವೂ ಅಷ್ಟೇ. ಉಣ್ಣು, ಅನ್ನ ಆರ್ತಾ ಇದೆ."