ದೋಣಿಯ ತಳ ತಟ್ಟಿದವರು

ಮಕ್ಕಳೇ, ಬೋಳುಮರದ ಹಿನ್ನೀರನ್ನು ನೀವು ನೋಡಿಲ್ಲ. ನೋಡದೇ ಇದ್ದದ್ದು ಒಳ್ಳೆಯದೇ ಆಯಿತು. ಅಲ್ಲಿ ಒಂದು ಕಾಲಕ್ಕೆ ದಟ್ಟವಾದ ಕಾಡಿತ್ತು. ನೀರು ಬಂದು ತುಂಬಿಕೊಂಡಾಗ ಆ ಕಾಡು ನಿಂತಲ್ಲೇ ಮುಳುಗಿಹೋಯಿತು. ಸತ್ತ ಮರಗಳ ತುದಿಗಳು ಈಗಲೂ ನೀರಿನಿಂದ ಮೇಲೆ ಎದ್ದು ನಿಂತಿವೆ. ಎಲೆಯಿಲ್ಲ, ತೊಗಟೆಯಿಲ್ಲ. ಹಕ್ಕಿಗಳು ಕೂಡ ಅವುಗಳ ಮೇಲೆ ಹೆಚ್ಚು ಹೊತ್ತು ಕೂರುವುದಿಲ್ಲ.

ಮುಳುಗಿದ ಕಾಡಿನ ಪ್ರಾಣಿಗಳು ಇನ್ನೂ ನೀರಿನಡಿಯಲ್ಲೇ ಇವೆ ಎಂದು ದಡದ ಪ್ರಾಣಿಗಳೆಲ್ಲ ನಂಬಿದ್ದವು. ಹೆಸರೆತ್ತಲು ಹೆದರಿ ಅವರನ್ನು 'ಕೆಳಗಿನವರು' ಎನ್ನುತ್ತಿದ್ದವು. ಕಂಡವರು ಮಾತ್ರ ಒಬ್ಬರೂ ಇರಲಿಲ್ಲ. ಕಾಣದವರ ಬಗ್ಗೆ ಮಾತಾಡುವುದೆಂದರೆ ಎಲ್ಲರಿಗೂ ಎಲ್ಲಿಲ್ಲದ ಉತ್ಸಾಹ, ಅಲ್ಲವೇ?

ಈ ನೀರನ್ನು ದಾಟಿಸುತ್ತಿದ್ದವನು ನೀರುನಾಯಿ ಮಾದಣ್ಣ. ದಪ್ಪ ದಿಮ್ಮಿಯನ್ನು ಕೊರೆದು ಮಾಡಿದ ದೋಣಿ ಅವನದು. ಕಾಲು ಒದ್ದೆಯಾಗದಿರಲೆಂದು ಒಳಗೆ ಬಿದಿರಿನ ತಟ್ಟಿ ಹಾಸಿದ್ದ. ಅವನು ದೋಣಿಯಲ್ಲಿ ಕೂತು ಹುಟ್ಟು ಹಾಕುತ್ತಿರಲಿಲ್ಲ. ಉದ್ದನೆಯ ಹಗ್ಗವನ್ನು ಹೆಗಲಿಗೆ ಕಟ್ಟಿಕೊಂಡು, ಮುಂದೆ ಮುಂದೆ ಈಜುತ್ತಾ ದೋಣಿಯನ್ನು ಎಳೆಯುತ್ತಿದ್ದ.

ಒಂದು ಬೆಳಗ್ಗೆ ಮೂವರು ದಾಟಲು ಬಂದರು. ಮೊಲ ಚಿಕ್ಕತಾಯಿ ಒಂದು ಬುಟ್ಟಿಯನ್ನೂ ಹುಲ್ಲಿನ ಹೊರೆಯನ್ನೂ ತಂದಿದ್ದಳು. ಬುಟ್ಟಿಯಲ್ಲಿ ಅವಳ ಮೂರು ಮರಿಗಳು. ಇನ್ನೂ ಕಾಲು ಗಟ್ಟಿಯಾಗದ ಕೂಸುಗಳು. ಅವಳಿದ್ದ ಪೊದೆಯನ್ನು ನರಿಗಳು ಪತ್ತೆ ಹಚ್ಚಿಬಿಟ್ಟಿದ್ದವು. ಆಚೆ ದಡ ಮುಟ್ಟಿದರಷ್ಟೇ ಆ ಮರಿಗಳು ಬದುಕುತ್ತಿದ್ದವು.

ಮುಳ್ಳುಹಂದಿ ಅಜ್ಜ ಮಳೆಗಾಲಕ್ಕೆಂದು ಕೂಡಿಟ್ಟ ಗೆಡ್ಡೆಗೆಣಸಿನ ಮೂಟೆ ತಂದಿದ್ದ. ಮುಂಗುಸಿ ರಾಚಪ್ಪ ತಂದದ್ದು ಒಂದೇ ಒಂದು ಗುಂಡುಕಲ್ಲು. ಬಸವನಹುಳುವಿನ ಚಿಪ್ಪು ಒಡೆಯಲು ಅದಕ್ಕಿಂತ ಒಳ್ಳೆಯ ಕಲ್ಲು ಈ ಲೋಕದಲ್ಲೇ ಇಲ್ಲ ಎಂದು ಅವನ ಜಂಬ.

ಮಾದಣ್ಣ ಎಲ್ಲರಿಗೂ ನಾರಿನ ಹಗ್ಗ ಕೊಟ್ಟ. "ಸಾಮಾನನ್ನೆಲ್ಲ ಬಿಗಿಯಾಗಿ ಕಟ್ಟಿ. ಹೊರಟ ಮೇಲೆ ದೋಣಿಯೊಳಗಿನದು ನನಗೆ ಕಾಣಿಸುವುದಿಲ್ಲ, ಕೇಳಿಸುವುದೂ ಇಲ್ಲ. ದಡ ಮುಟ್ಟುವವರೆಗೆ ಕಟ್ಟು ಬಿಚ್ಚಬೇಡಿ, ಎದ್ದು ನಿಲ್ಲಬೇಡಿ" ಎಂದ.

ಚಿಕ್ಕತಾಯಿ ಬುಟ್ಟಿಯನ್ನೂ ಹೊರೆಯನ್ನೂ ಕಟ್ಟಿದಳು. ಅಜ್ಜ ಮೂಟೆಯನ್ನು ಕಟ್ಟಿದ. ರಾಚಪ್ಪನಿಗೆ ಮಾತ್ರ ಬೇಜಾರು. "ಕಲ್ಲಿಗೇನು ಕಾಲಿದೆಯೇ, ಎದ್ದು ಓಡಲು?" ಎಂದು ಗೊಣಗಿ, ಕಲ್ಲನ್ನು ತಟ್ಟಿಯ ಕೆಳಗೆ ತಳ್ಳಿಬಿಟ್ಟ. ಹಗ್ಗವನ್ನು ಸುತ್ತಿ, ಮೆತ್ತಗಿದೆಯೆಂದು ಅದರ ಮೇಲೆ ಕೂತ.

"ರಾಚಪ್ಪ, ಕಟ್ಟಿದೆಯಾ?" ಎಂದು ಮಾದಣ್ಣ ಕೇಳಿದ.

"ಓಹೋ, ಆಗಲೇ ಕಟ್ಟಿದೆ!"

ದೋಣಿ ಹೊರಟಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಂಜು ಕವಿಯಿತು. ಬಿಟ್ಟ ದಡ ಮರೆಯಾಯಿತು. ಮುಂದೆ ಈಜುತ್ತಿದ್ದ ಮಾದಣ್ಣನೂ ಮರೆಯಾದ. ಹಗ್ಗವೊಂದು ಬಿಳಿ ಮಂಜಿನೊಳಗೆ ಹೋಗಿ ಮಾಯವಾಗಿತ್ತು, ಅಷ್ಟೇ. ಸತ್ತ ಮರಗಳು ಒಂದೊಂದಾಗಿ ಹತ್ತಿರ ಬಂದು, ಬಗ್ಗಿ ನೋಡಿದ ಹಾಗೆ ಮಾಡಿ, ಹಿಂದೆ ಸರಿಯುತ್ತಿದ್ದವು.

ಆಗ ಕೇಳಿಸಿತು.

ಟಕ್.

ಮೂವರೂ ಕಾಲು ಮೇಲೆಳೆದುಕೊಂಡರು. ಸದ್ದು ಅವರ ಕಾಲಡಿಯಿಂದಲೇ ಬಂದಿತ್ತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, ಈ ಸಲ ಆಚೆ ಬದಿಯಿಂದ.

ಟಕ್.

"ಯಾರೋ ತಳ ತಟ್ಟುತ್ತಿದ್ದಾರೆ" ಎಂದ ಅಜ್ಜ. ಅವನ ಮುಳ್ಳುಗಳೆಲ್ಲ ನೆಟ್ಟಗೆ ನಿಂತಿದ್ದವು.

"ಯಾರೋ ಅಲ್ಲ, ಅವರೇ! ಕೆಳಗಿನವರು!" ರಾಚಪ್ಪನ ದನಿ ಕೀರಲಾಯಿತು. "ಏನಾದರೂ ಕೊಡುವವರೆಗೆ ಬಿಡುವುದಿಲ್ಲ ಅವರು. ನನ್ನ ಅಜ್ಜಿ ಹೇಳುತ್ತಿದ್ದಳು. ಅಜ್ಜ, ಆ ಮೂಟೆ ಹಾಕು!"

"ಮಳೆಗಾಲಕ್ಕೆ ನನಗಿರುವುದು ಇದೊಂದೇ ಕಣಪ್ಪ..."

"ಮಳೆಗಾಲ ನೋಡಲು ಜೀವ ಉಳಿಯಬೇಕಲ್ಲ!"

ಅಜ್ಜ ಕಟ್ಟು ಬಿಚ್ಚಿ ಮೂಟೆಯನ್ನು ನೀರಿಗೆ ಉರುಳಿಸಿದ. ದೋಣಿ ಒಮ್ಮೆ ಹೊಯ್ದಾಡಿ ಸ್ಥಿರವಾಯಿತು. ಸದ್ದೂ ನಿಂತಿತು. ಮೂವರೂ ಮುಖ ಮುಖ ನೋಡಿಕೊಂಡರು. ತೆಗೆದುಕೊಂಡರು, ಸದ್ಯ! ಎಂದುಕೊಂಡರು.

ಟಕ್. ಟಕ್.

ಈ ಸಲ ಮೊದಲಿಗಿಂತ ಜೋರಾಗಿತ್ತು. ಆಗದೇ ಇರುತ್ತದೆಯೇ, ಮಕ್ಕಳೇ? ಭಾರದ ಮೂಟೆ ಹೋದ ಮೇಲೆ ದೋಣಿ ಹಗುರಾಗಿ ಹೆಚ್ಚು ಓಲಾಡುತ್ತಿತ್ತು. ಹೆದರಿದವರಿಗೆ ಅದೆಲ್ಲ ಎಲ್ಲಿ ಹೊಳೆಯಬೇಕು!

"ಸಾಲಲಿಲ್ಲ ಅವರಿಗೆ! ಚಿಕ್ಕತಾಯಿ, ಹುಲ್ಲಿನ ಹೊರೆ ಹಾಕು!"

"ನೀನೂ ಏನಾದರೂ ಕೊಡಬಾರದೇ, ರಾಚಪ್ಪಣ್ಣ?"

"ನನ್ನ ಹತ್ತಿರ ಏನಿದೆಯಮ್ಮ? ಬರಿಗೈಲಿ ಕೂತಿದ್ದೇನೆ, ನೋಡು" ಎಂದು ರಾಚಪ್ಪ ಎರಡೂ ಕೈ ಚಾಚಿ ತೋರಿಸಿದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಕಲ್ಲನ್ನು ನಿಜವಾಗಿಯೂ ಮರೆತಿದ್ದ. ನನಗೆ ಸಿಟ್ಟು ಬರುವುದು ಅದಕ್ಕೇ.

ಚಿಕ್ಕತಾಯಿ ಹೊರೆಯನ್ನು ಬಿಚ್ಚಿ ನೀರಿಗೆ ಹಾಕಿದಳು. ಅದು ತೇಲುತ್ತಾ ಹೋಗಿ ಒಂದು ಸತ್ತ ಮರಕ್ಕೆ ಸಿಕ್ಕಿಕೊಂಡಿತು. ಮಂಜು ಅದನ್ನೂ ಮುಚ್ಚಿತು.

ಟಕ್. ಟಕ್. ಟಕ್. ಈಗ ಬಿಡುವೇ ಇರಲಿಲ್ಲ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಳಗೆ ಬರಲು ಬಾಗಿಲು ಹುಡುಕುತ್ತಿರುವವರ ಹಾಗೆ.

"ಮಾದಣ್ಣಾ!" ಎಂದು ಅಜ್ಜ ಕೂಗಿದ. ಮಂಜಿನೊಳಗಿಂದ ಉತ್ತರ ಬರಲಿಲ್ಲ. ಹಗ್ಗ ಮಾತ್ರ ಬಿಗಿಯಾಗಿ ಎಳೆಯುತ್ತಲೇ ಇತ್ತು.

"ಹಗ್ಗದ ಆ ತುದಿಯಲ್ಲಿ ಈಗ ಇರುವವನು ಮಾದಣ್ಣನೇ ಎಂದು ಹೇಗೆ ಹೇಳುವುದು?" ಎಂದು ರಾಚಪ್ಪ ಪಿಸುಗುಟ್ಟಿದ.

ರಾಚಪ್ಪ ಮೆಲ್ಲನೆ ಬುಟ್ಟಿಯ ಕಡೆ ತಿರುಗಿದ. ಕಣ್ಣು ಕೆಂಪಗಾಗಿದ್ದರೂ ದನಿ ಮಾತ್ರ ತೀರಾ ಮೃದುವಾಗಿತ್ತು. "ಚಿಕ್ಕತಾಯಿ, ಅವರಿಗೆ ಬೇಕಾದದ್ದು ಹುಲ್ಲು ಗೆಣಸು ಅಲ್ಲ. ಬೆಚ್ಚಗಿರುವುದು ಬೇಕು. ನಿನಗೆ ಮೂರಿವೆಯಲ್ಲ. ಒಂದು, ಒಂದೇ ಒಂದು ಸಾಕು, ತಂಗಿ."

ಚಿಕ್ಕತಾಯಿ ಅಜ್ಜನ ಮುಖ ನೋಡಿದಳು. ಅಜ್ಜ ಬೇಡ ಎನ್ನಲಿಲ್ಲ. ಮುಖವನ್ನು ಆ ಕಡೆ ತಿರುಗಿಸಿಕೊಂಡ.

ರಾಚಪ್ಪ ಬುಟ್ಟಿಯ ಕಟ್ಟಿಗೆ ಕೈ ಹಾಕಿದ. ಚಿಕ್ಕತಾಯಿ ಅಡ್ಡ ಬಂದು ಬುಟ್ಟಿಯ ಮೇಲೆ ಮಲಗಿಬಿಟ್ಟಳು. "ಕೈ ತೆಗಿ! ಕೇಳುವವರು ಯಾರೆಂದು ತಿಳಿಯದೆ ನನ್ನ ಕೂಸನ್ನು ಕೊಡುವುದಿಲ್ಲ. ಮೊದಲು ನಾನೇ ಅವರನ್ನು ಕೇಳುತ್ತೇನೆ. ಇಬ್ಬರೂ ಅಲ್ಲಾಡದೆ ಕೂತುಕೊಳ್ಳಿ."

ಅವಳು ಉದ್ದನೆಯ ಕಿವಿಯನ್ನು ಬಿದಿರಿನ ತಟ್ಟಿಗೆ ಒತ್ತಿ ಹಿಡಿದಳು. "ಕೆಳಗೆ ಯಾರು? ಏನು ಬೇಕು?" ಎಂದು ಕೇಳಿದಳು.

ಯಾರೂ ಅಲ್ಲಾಡಲಿಲ್ಲ. ದೋಣಿ ಸ್ಥಿರವಾಯಿತು. ಕೆಳಗೂ ಸದ್ದಿಲ್ಲ.

ಇನ್ನೂ ಚೆನ್ನಾಗಿ ಕೇಳಲೆಂದು ಅವಳು ಎಡಕ್ಕೆ ಸರಿದಳು. ದೋಣಿ ಎಡಕ್ಕೆ ವಾಲಿತು. ಎಡಕ್ಕೆ ಟಕ್ ಎಂದಿತು. ಬೆಚ್ಚಿ ಬಲಕ್ಕೆ ಸರಿದಳು. ಬಲಕ್ಕೆ ಟಕ್ ಎಂದಿತು. ಆ ಎರಡು ಸದ್ದುಗಳ ನಡುವೆ, ಏನೋ ಉರುಳಿಹೋದ ಗುರುಗುರು ಸದ್ದು ಅವಳ ಕಿವಿಗೆ ಬಿತ್ತು. ಅದು ನೀರಿನೊಳಗಿಂದ ಬಂದದ್ದಲ್ಲ. ತಟ್ಟಿಗೂ ತಳಕ್ಕೂ ನಡುವಿನಿಂದ ಬಂದದ್ದು.

ಚಿಕ್ಕತಾಯಿ ತಟ್ಟಿಯ ಅಂಚನ್ನು ಹಲ್ಲಿನಿಂದ ಎತ್ತಿ ಕೈ ಹಾಕಿದಳು. ಗುಂಡುಕಲ್ಲು ಹೊರಗೆ ಉರುಳಿ ಬಂದು ರಾಚಪ್ಪನ ಕಾಲ ಬಳಿ ನಿಂತಿತು.

ರಾಚಪ್ಪ ಬಗ್ಗಿ ಕಲ್ಲನ್ನು ಮುಟ್ಟಿ ನೋಡಿದ.

"ಇದು... ನನ್ನದು" ಎಂದ ರಾಚಪ್ಪ.

"ನನ್ನ ಗೆಣಸೆಲ್ಲ ಹೋಯಿತಲ್ಲೋ, ಹಾಳಾದವನೇ!" ಎಂದು ಅಜ್ಜ ಅತ್ತೇಬಿಟ್ಟ. ಆದರೆ ಚಿಕ್ಕತಾಯಿಯ ಕಡೆ ನೋಡುವ ಧೈರ್ಯ ಅವನಿಗೂ ಇರಲಿಲ್ಲ.

ಚಿಕ್ಕತಾಯಿ ರಾಚಪ್ಪನ ಅಡಿಯಿಂದ ಹಗ್ಗವನ್ನು ಎಳೆದುಕೊಂಡು, ಕಲ್ಲನ್ನು ತಾನೇ ಬಿಗಿದು ಕಟ್ಟಿದಳು. ಆಮೇಲೆ ಬುಟ್ಟಿಯನ್ನು ತಬ್ಬಿ ಕೂತಳು. ಸದ್ದು ಪೂರ್ತಿ ನಿಂತಿತ್ತು. ಆದರೂ ಅವಳು ಹಿಡಿತ ಸಡಿಲಿಸಲಿಲ್ಲ. ಮಂಜಿನ ಕಡೆಗಾಗಲಿ ನೀರಿನ ಕಡೆಗಾಗಲಿ ಅವಳು ನೋಡಲಿಲ್ಲ. ದಾರಿಯುದ್ದಕ್ಕೂ ರಾಚಪ್ಪನನ್ನೇ ನೋಡುತ್ತಿದ್ದಳು.

ಕೊನೆಗೆ ದೋಣಿ ದಡಕ್ಕೆ ತಾಗಿತು. ಮಾದಣ್ಣ ಮೈ ಕೊಡವಿಕೊಂಡು ಮೇಲೆ ಬಂದ. ಮರಿಗಳು ಬುಟ್ಟಿಯಿಂದ ಇಣುಕಿ ನೋಡಿದವು. ರಾಚಪ್ಪ ಹಲ್ಲು ಕಿರಿದು ಕೈ ಚಾಚಿದ. "ಕೊಡು ತಂಗಿ, ಬುಟ್ಟಿಯನ್ನು ನಾನು ಇಳಿಸುತ್ತೇನೆ. ಇನ್ನು ಯಾಕೆ ಹೆದರಿಕೆ? ನೀರಿನೊಳಗೆ ಯಾರೂ ಇರಲಿಲ್ಲವಲ್ಲ!"

ಚಿಕ್ಕತಾಯಿ ಬುಟ್ಟಿಯನ್ನು ತನ್ನತ್ತ ಎಳೆದುಕೊಂಡಳು.

"ಇರಲಿಲ್ಲ, ನಿಜ. ನನ್ನ ಕೂಸನ್ನು ಕೇಳಿದವನು ದೋಣಿಯೊಳಗೇ ಕೂತಿದ್ದ" ಎಂದಳು.

ಆಮೇಲೆ ಅವಳು ಬುಟ್ಟಿ ಹೊತ್ತು, ಹಿಂದೆ ತಿರುಗಿ ನೋಡದೆ, ಹುಲ್ಲಿನ ನಡುವೆ ನಡೆದುಹೋದಳು.

ನೀತಿ: ದೋಣಿ ಹೊರಡುವ ಮೊದಲೇ ನಿನ್ನ ಸಾಮಾನನ್ನು ಭದ್ರವಾಗಿ ಕಟ್ಟು, ಕಟ್ಟದೆ ಕಟ್ಟಿದೆ ಎಂದವನ ತಪ್ಪಿಗೆ ಬೆಲೆ ತೆರುವವರು ಪಕ್ಕದಲ್ಲಿ ಕೂತವರು.