ಮಾದಪ್ಪನ ಅರ್ಧ ಮನೆ

ಒಬ್ಬ ತಾಯಿ, ಅವಳಿಗೊಬ್ಬನೇ ಮಗ. ತಾಯಿ ಸಂಕಮ್ಮ, ಮಗ ಮರಿದೇವ. ಮೂವತ್ತು ದಾಟಿದರೂ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಸಹಿ ಹಾಕು ಎಂದರೆ ಯಾವ ಕಾಗದಕ್ಕಾದರೂ ಹಾಕುವವನು. ಸಂಕಮ್ಮನಿಗೆ ಅದೇ ದಿಗಿಲು.

ಗಂಡ ಮಾದಪ್ಪ ಜ್ವರ ಬಂದು ಮಲಗಿ ಹನ್ನೆರಡು ದಿನ. ಮನೆ ಇಬ್ಬರ ಹೆಸರಿನಲ್ಲಿತ್ತು. ಅರ್ಧ ಅವನದು, ಅರ್ಧ ಅವಳದು. ಅವನ ಅರ್ಧದಲ್ಲಿ ಮಗನಿಗೆ ಪಾಲು ಹೋದರೆ ಮುಗಿಯಿತು. ಅದನ್ನು ಮಗನಿಂದ ಬರೆಸಿಕೊಳ್ಳಲು ಮೈದುನ ಆಗಲೇ ಕಾಗದ ಹಿಡಿದು ತಿರುಗುತ್ತಿದ್ದ. ಉಸಿರಿರುವಾಗಲೇ ಮಾದಪ್ಪ ತನ್ನ ಅರ್ಧವನ್ನು ಹೆಂಡತಿಗೆ ಉಯಿಲು ಬರೆಯಬೇಕು.

"ಪತ್ರ ಬರೆಯೋ ಸೀತಾರಾಮಯ್ಯನವರು ಬರ್ತಾರೆ. ಅರ್ಧ ಅಪ್ಪಂದು, ಅರ್ಧ ಅವ್ವಂದು ಅಂತ ಸರಿಯಾಗಿ ತೋರಿಸು" ಎಂದು ಮಗನಿಗೆ ಹೇಳಿ ಸಂಕಮ್ಮ ಔಷಧಿಗೆ ಹೋದಳು.

ಬಂದು ನೋಡುತ್ತಾಳೆ, ಬಾಗಿಲಿನಿಂದ ಹಿತ್ತಲವರೆಗೆ ಸುಣ್ಣದ ಗೆರೆ! ಗೆರೆ ಒಲೆಯ ಮೇಲೆ ಹತ್ತಿ ಇಳಿದಿದೆ, ಮಂಚದ ಕೆಳಗೆ ನುಸುಳಿದೆ.

"ಅಪ್ಪ, ನಿನ್ನ ಕಾಲು ಅವ್ವನ ಭಾಗದಲ್ಲಿದೆ, ಎಳ್ಕೋ!"

"ಅಯ್ಯೋ ಪೆದ್ದೇ! ಅರ್ಧ ಅಂದ್ರೆ ಹಕ್ಕು ಕಣೋ, ನೆಲ ಅಲ್ಲ!" ಎಂದಳು ಸಂಕಮ್ಮ.

ಅಷ್ಟರಲ್ಲಿ ಬಂದ ಸೀತಾರಾಮಯ್ಯ ಗೆರೆ ದಾಟಿ ಕೂತು ಎಲ್ಲ ಕೇಳಿ ಬರೆದುಕೊಂಡರು. "ಶುದ್ಧಪ್ರತಿ ತರ್ತೀನಿ. ಇಬ್ಬರು ಸಾಕ್ಷಿ ಬೇಕು. ಈ ಮನೆಯಿಂದ ಏನೂ ಬೇಡದವರನ್ನ ಕರೆಸಿಡಿ" ಎಂದು ಹೋದರು.

ಮರಿದೇವ ಪಕ್ಕದ ಮನೆಯ ಇಬ್ಬರನ್ನು ಕರೆತಂದ. ಸಂಕಮ್ಮ ಕಾಫಿ ಹಿಡಿದು ಬಂದರೆ ಒಬ್ಬರೂ ಇಲ್ಲ!

"ಎಲ್ಲೋ ಅವರು?"

"ಓಡಿಸ್ದೆ ಅವ್ವ. ಒಬ್ಬ ನೀರು ಕೇಳ್ದ, ಇನ್ನೊಬ್ಬ ಎಲೆ ಅಡಿಕೆ ಕೇಳ್ದ. ಏನೂ ಬೇಡದವರು ತಾನೇ ಬೇಕಾಗಿದ್ದು?"

ಒಳಗೆ ಮಾದಪ್ಪನಿಗೆ ಏದುಸಿರು. ಸಂಕಮ್ಮ ಲೋಟಗಳನ್ನು ನೆಲಕ್ಕೆ ಕುಕ್ಕಿದಳು. "ನಿನ್ನ ಬುದ್ಧಿಗಿಷ್ಟು! ಹೋಗಿ ಬೇಡ್ಕೊಂಡು ಕರ್ಕೊಂಡು ಬಾ. ಬಂದ ಮೇಲೆ ಬಾಗಿಲು ಹಾಕು. ಸಹಿ ಆಗೋವರೆಗೆ ತೆಗೀಬೇಡ!"

ಕರೆತಂದ. ಬಾಗಿಲು ಹಾಕಿದ. ಅಗುಳಿಗೆ ಬೆನ್ನು ಕೊಟ್ಟು ನಿಂತ. ಅಷ್ಟರಲ್ಲಿ ಹೊರಗೆ ಸೀತಾರಾಮಯ್ಯ.

"ಬಾಗಿಲು ತೆಗಿಯೋ!"

"ಇನ್ನೂ ಸಹಿ ಆಗಿಲ್ಲ ಅಯ್ನೋರೇ!"

"ಸಹಿ ಹಾಕೋ ಕಾಗದ ನನ್ನ ಕೈಲಿದೆ ಕಣೋ!"

"ಇರಬಹುದು. ಸಹಿ ಆಗಿಲ್ವಲ್ಲ!"

ಸಂಕಮ್ಮ ಮಗನನ್ನು ತಳ್ಳಿ ಅಗುಳಿ ತೆಗೆದಳು. ಮಾದಪ್ಪ ದಿಂಬಿಗೊರಗಿ ಸಹಿ ಹಾಕಿದ. ನೆರೆಯವರಿಬ್ಬರೂ ಕಣ್ಣಾರೆ ನೋಡಿ ಕೆಳಗೆ ತಮ್ಮ ಸಹಿ ಹಾಕಿದರು. ಸಂಕಮ್ಮ ಗೋಡೆಗೊರಗಿದಳು.

ಹೊರಡುವಾಗ ಸೀತಾರಾಮಯ್ಯ ಹೇಳಿದರು: "ಮರಿದೇವ, ಇದು ನಿಮ್ಮಪ್ಪ ಸತ್ತ ಮೇಲೆ ನಡೆಯೋ ಕಾಗದ. ಇದಕ್ಕೆ ಏನಾದ್ರೂ ಅಡ್ಡಿ ಬಂದ್ರೆ ತಕ್ಷಣ ಓಡಿ ಬಂದು ನನಗೆ ಹೇಳು."

ಮರುದಿನ ಬೆಳಿಗ್ಗೆ ಮಾದಪ್ಪನ ಮೈಯೆಲ್ಲ ಬೆವೆತು ಜ್ವರ ಇಳಿಯಿತು. ಎದ್ದು ಕೂತ. "ಸಂಕಿ, ಗಂಜಿ ಇದೆಯಾ?"

ಹನ್ನೆರಡು ದಿನ ಅಳದಿದ್ದವಳು ಗಂಜಿ ಬಟ್ಟಲನ್ನು ಅವನ ಕೈಗಿಟ್ಟು ಅತ್ತಳು.

ಅಷ್ಟರಲ್ಲಿ ಬೀದಿಯಲ್ಲಿ ಗಲಾಟೆ. ಸೀತಾರಾಮಯ್ಯನವರ ಕೈ ಹಿಡಿದೆಳೆಯುತ್ತ ಮರಿದೇವ, ಹಿಂದೆ ಏದುತ್ತ ಸಾಕ್ಷಿಗಳಿಬ್ಬರು.

"ಬೇಗ ಬನ್ನಿ ಅಯ್ನೋರೇ, ಉಯಿಲಿಗೆ ಅಡ್ಡಿ ಬಂತು! ಅಪ್ಪ ಎದ್ದು ಕೂತ್ಬಿಟ್ರು!"

ಒಳಗೆ ನುಗ್ಗಿದವನೇ ಬಟ್ಟಲು ಕಿತ್ತುಕೊಂಡ.

"ಕುಡೀಬೇಡ ಅಪ್ಪ, ಅವ್ವಂಗೆ ಬರೋ ಅರ್ಧ ಹೋಗುತ್ತೆ! ಸಾಕ್ಷಿಗಳು ಬಂದಿದ್ದಾರೆ, ಇವರ ಮುಂದೆ ಇನ್ನೊಂದು ಸಲ ಮಲಗು!"